ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಬಂತು?

ವಿಜಯದಶಮಿಯಂದು ಕೊಯಮತ್ತೂರಿನ ರಾಜವೀದಿಯ ಕಡೆ ಬಂದವರು ನಮ್ಮ ಅಲಗು ಸೇವೆ ನೋಡಿರುತ್ತೀರಿ. ನೇಕಾರ ದೇವಾಂಗರ ಹುಡುಗರು ಬರಿಮೈಯಲ್ಲಿ ನಿಂತು, ‘ತೀಸ್ಕೋ ತಾಯೇ’ (ತಗೋ ತಾಯೇ) ಎಂದು ಕೂಗುತ್ತ, ಕತ್ತಿಯಿಂದ ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತ ಚೌಡೇಶ್ವರಿ ಅಮ್ಮನನ್ನು ಗುಡಿಗೆ ಕರೆತರುತ್ತಾರೆ. ರಕ್ತ ಬಂದ ಕಡೆ ಭಂಡಾರ ಮೆತ್ತುತ್ತಾರೆ. ನಾಲ್ಕೈದು ದಿನಕ್ಕೆ ಗಾಯ ಒಣಗುತ್ತದೆ, ಹುಡುಗರು ಅಂಗಿ ತೊಟ್ಟು ಕೆಲಸಕ್ಕೆ ಹೋಗುತ್ತಾರೆ. ನಾನೂ ಹರೆಯದಲ್ಲಿ ಹೊಡೆದುಕೊಂಡವನೇ. ಎಡತೋಳಿನ ಮೇಲೆ ಗೆರೆ ಇನ್ನೂ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗನ ಗಾಯ ಮಾಯಲಿಲ್ಲ. ದೀಪಾವಳಿ ಬಂದರೂ ಮಾಯಲಿಲ್ಲ. ಅವನಿಗೆ ಆಗ 34 ವರ್ಷ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಹಗಲೆಲ್ಲ ಕುರ್ಚಿ, ರಾತ್ರಿಯೆಲ್ಲ ಹೊರದೇಶದವರ ಫೋನು. ವ್ರತದಲ್ಲಿ ಏನೋ ಲೋಪವಾಗಿದೆ ಎಂದು ಅತ್ತಿಗೆ ಹರಕೆ ಕಟ್ಟಿದರು. ಅರಿಸಿನ ಮೆತ್ತಿದರು, ಬೇವಿನೆಲೆ ಅರೆದು ಹಚ್ಚಿದರು. ಕೀವು ಕಂಡ ಮೇಲೆ ಹುಡುಗ ವೈದ್ಯರ ಹತ್ತಿರ ಹೋದ. ಅವರು ಔಷಧಿ ಬರೆಯುವ ಮೊದಲು ಬೆರಳು ಚುಚ್ಚಿದರು. ಮರುದಿನ ಬರಿಹೊಟ್ಟೆಯಲ್ಲಿ ನೋಡಿದರೆ 218.

ಆ ರಾತ್ರಿ ನನಗೆ ಫೋನ್ ಮಾಡಿದ.

“ಚಿಕ್ಕಪ್ಪಾ, ಅಪ್ಪನಿಗೆ ಸುಗರು ಇತ್ತಾ?”

“ಇತ್ತು.”

“ಎಷ್ಟನೇ ವಯಸ್ಸಿಗೆ ಬಂತು?”

“39ಕ್ಕೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನನಗೆ ಯಾಕೆ ಯಾರೂ ಹೇಳಲಿಲ್ಲ?” ಎಂದ. ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಸಿಟ್ಟಿನಲ್ಲೇ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವನು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದ.

ಅಣ್ಣನನ್ನು ಮೊದಲ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಅತ್ತಿಗೆ, ನಾನು, ಅಣ್ಣ, ಮೂವರಿಗೇ ಗೊತ್ತಿತ್ತು. ಅಣ್ಣನ ಮಗಳಿಗೆ ಗಂಡು ನೋಡುವ ಕಾಲ ಬಂದಾಗ ಮಾತು ಇನ್ನಷ್ಟು ಆಳಕ್ಕೆ ಹೋಯಿತು. ಮದುವೆ ಆಯಿತು, ಮಾತು ಮೇಲೆ ಬರಲಿಲ್ಲ. ಅಣ್ಣ ತೀರಿಕೊಂಡಾಗ ಊರಿಗೆಲ್ಲ ‘ಹಾರ್ಟು’ ಎಂದೆವು. ಸುಳ್ಳೇನಲ್ಲ, ನಿಂತದ್ದು ಹೃದಯವೇ. ಆದರೆ ಅದನ್ನು ಇಪ್ಪತ್ತು ವರ್ಷ ಒಳಗೊಳಗೇ ಸವೆಸಿದ್ದು ಯಾವುದು ಎಂದು ಅವನ ಮಗನಿಗಾದರೂ ಹೇಳಬೇಕಿತ್ತು. ನನಗೂ 47ಕ್ಕೆ ಬಂದಿತ್ತು. ನಾನೂ ನನ್ನ ಮಕ್ಕಳ ಕಣ್ಣು ತಪ್ಪಿಸಿ ಮಾತ್ರೆ ನುಂಗುತ್ತಿದ್ದೆ.

ಹಾಗಾಗಿ ಇದು ತಪ್ಪು ಮಾಡದವನು ಹೇಳುವ ಬುದ್ಧಿಮಾತಲ್ಲ. ಬರೆಯುತ್ತಿರುವುದು ಕನ್ನಡದಲ್ಲಿ, ಆದರೆ ಕೊಯಮತ್ತೂರು, ತಿರುಪ್ಪೂರು ಸೀಮೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುವುದು ಬರೆಯುವುದು ಎಲ್ಲ ತಮಿಳು. ಬ್ಯಾಂಕಿನ ನೌಕರಿ ನನ್ನನ್ನು ಬೆಂಗಳೂರಿಗೆ ಕಳಿಸದಿದ್ದರೆ ನನಗೂ ಈ ಅಕ್ಷರ ಬರುತ್ತಿರಲಿಲ್ಲ. ಇದನ್ನು ಓದಬಲ್ಲವರು ಓದಲಾರದವರಿಗೆ ಓದಿ ಹೇಳಿ. ಕಿವಿಯಿಂದ ಹೋಗಲಿ.

ನಮ್ಮ ಮನೆಗನ್ನಡದಲ್ಲಿ ಈ ಕಾಯಿಲೆಗೆ ಹೆಸರೇ ಇಲ್ಲ. ನೆರೆಮನೆಯ ತಮಿಳಿನಿಂದ ‘ಸರ್ಕರೆ’ ಬಂತು, ವೈದ್ಯರ ಚೀಟಿಯಿಂದ ‘ಸುಗರು’ ಬಂತು. ಮಧುಮೇಹ ಎಂದರೆ ನಮ್ಮ ಹಟ್ಟಿಯಲ್ಲಿ ಯಾರಿಗೂ ತಿಳಿಯದು. ಚೀಟಿ ಇಂಗ್ಲಿಷಿನಲ್ಲಿ, ವೈದ್ಯರ ವಿವರಣೆ ತಮಿಳಿನಲ್ಲಿ, ಭಯ ಮಾತ್ರ ಕನ್ನಡದಲ್ಲಿ. ಹೆಸರಿಲ್ಲದ್ದನ್ನು ಮಕ್ಕಳಿಗೆ ಹೇಳುವುದು ಹೇಗೆ ಎಂದು ಕೇಳಬೇಡಿ. ‘ಸುಗರು’ ಸಾಕು, ಅದೇ ಈಗ ನಮ್ಮ ಕನ್ನಡ.

ವಿಚಿತ್ರ ನೋಡಿ, ವಂಶದ ಲೆಕ್ಕ ಇಡುವುದರಲ್ಲಿ ನಮಗಿಂತ ಜಾಣರಿಲ್ಲ. ಎಲ್ಲಿಯ ನೇಕಾರ ಬಂದು ಜಗುಲಿಯ ಮೇಲೆ ಕೂತರೂ ನೀರು ಕೊಡುವ ಮೊದಲು ಕುಲ ಕೇಳುತ್ತೇವೆ. ಒಂದೇ ಕುಲವಾದರೆ ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ. ನೆಗಮದಲ್ಲಿ ಹುಟ್ಟಿ ಸಿರುಮುಗೈಗೆ ಸೊಸೆಯಾಗಿ ಹೋದವಳ ಅಜ್ಜಿಯ ತವರು ಯಾವುದು ಎಂದು ನನ್ನ ತಾಯಿ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. 2009ರಲ್ಲಿ ಉಡುಮಲೈ, ಪಲ್ಲಡಂ, ಅವಿನಾಶಿ ಎಲ್ಲ ತಿರುಪ್ಪೂರು ಜಿಲ್ಲೆಗೆ ಸೇರಿ ಭೂಪಟ ಎರಡಾಯಿತು, ನೆಂಟಸ್ತಿಕೆಯ ಪಟ್ಟಿ ಎರಡಾಗಲಿಲ್ಲ. ಇಷ್ಟೆಲ್ಲ ನೆನಪಿಟ್ಟವರಿಗೆ ಅಜ್ಜ ಏತರಿಂದ ಸತ್ತ ಎಂದು ಕೇಳಿದರೆ, “ವಯಸ್ಸಾಗಿತ್ತು” ಎನ್ನುತ್ತಾರೆ.

ಒಂದೇ ಒಂದು ಪ್ರಶ್ನೆ ಕಲಿಯಿರಿ: ಎಷ್ಟನೇ ವಯಸ್ಸಿಗೆ ಬಂತು? ಇತ್ತೇ ಇಲ್ಲವೇ ಎಂದು ಕೇಳಿದರೆ ಅರ್ಧ ಉತ್ತರ ಬರುತ್ತದೆ. ನಮ್ಮ ಸೀಮೆಯಲ್ಲಿ 70ರ ನಂತರ ಯಾರಿಗಿಲ್ಲ? ವಯಸ್ಸು ಕೇಳಿದಾಗ ಕಥೆ ಬೇರೆಯಾಗುತ್ತದೆ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ಅಪ್ಪನಿಗೆ 58, ನನಗೆ 47, ಅಣ್ಣನಿಗೆ 39, ಅಣ್ಣನ ಮಗನಿಗೆ 34. ಅವನಿಗೆ ಮೊದಲೇ ಬಂದಿದ್ದರೂ ಇರಬಹುದು, ಯಾರೂ ನೋಡಿರಲಿಲ್ಲ. ಈ ಸಾಲನ್ನು ಒಂದು ಕಾಗದದ ಮೇಲೆ ಬರೆದಿಟ್ಟಿದ್ದರೆ, ಓದು ಬಾರದ ನನ್ನ ತಾಯಿಯೂ ಮುಂದಿನದು ಎಲ್ಲಿಗೆ ಇಳಿಯುತ್ತದೆ ಎಂದು ಹೇಳಿಬಿಡುತ್ತಿದ್ದಳು.

ಯಾಕೆ ಇಳಿಯಿತು? ರಕ್ತ ಅದೇ. ಅಪ್ಪ ನೆಗಮದ ಗುಳಿಮಗ್ಗದಲ್ಲಿ ಬೆಳಗಿನ ಐದಕ್ಕೆ ಕಾಲಿಟ್ಟರೆ ಸಂಜೆಯವರೆಗೆ ತುಳಿಯುವುದು, ಲಾಳಿ ಎಳೆಯುವುದು, ಹಾಸು ಹಾಸಲು ಬೀದಿಯುದ್ದಕ್ಕೂ ನಡೆಯುವುದು. ಊಟಕ್ಕೆ ಸಜ್ಜೆಯ ಕೂಳು, ರಾಗಿ ಕಳಿ, ಹುರಳಿ ಸಾರು. ಅನ್ನ ಹಬ್ಬಕ್ಕೆ, ಒಬ್ಬಟ್ಟು ವರ್ಷಕ್ಕೆರಡು ಸಲ. (ಕೊಂಗುನಾಡಿನ ತಮಿಳರೂ ಅದನ್ನು ‘ಒಪ್ಪುಟ್ಟು’ ಎನ್ನುತ್ತಾರೆ. ಯಾರು ಯಾರಿಂದ ಕಲಿತರೋ, ನಾನು ನಮ್ಮವರ ಕಡೆಗೇ ಓಟು ಹಾಕುತ್ತೇನೆ.) ಅಣ್ಣ ಸೋಮನೂರಿನಲ್ಲಿ ಪವರ್‌ಲೂಮ್ ಹಾಕಿದ. ಅಲ್ಲಿ ಯಂತ್ರ ತುಳಿಯುತ್ತದೆ, ಮನುಷ್ಯ ಕಾಯುತ್ತಾನೆ. ಎರಡು ತಾಸಿಗೊಂದು ಟೀ, ಟೀಗೊಂದು ಬನ್ನು, ರಾತ್ರಿ ಪಾಳಿಯಲ್ಲಿ ಪರೋಟ. ಅವನ ಮಗನಿಗೆ ಯಂತ್ರವೂ ಇಲ್ಲ, ಕುರ್ಚಿ ಮಾತ್ರ. ಮಗ್ಗದಿಂದ ಕುರ್ಚಿಗೆ ಬಂದ ದಾರಿಯಲ್ಲೇ 58 ಹೋಗಿ 34 ಆಯಿತು. ಇದನ್ನು ಅರ್ಥ ಮಾಡಿಕೊಳ್ಳದೆ “ನಮ್ಮ ವಂಶದಲ್ಲೇ ಇದೆ, ಏನು ಮಾಡುವುದು” ಎನ್ನುವವರ ಮೇಲೆ ನನಗೆ ಕೋಪ ಬರುತ್ತದೆ. ವಂಶ ಕೊಟ್ಟದ್ದು ಬೀಜ. ನೀರು ಹಾಕಿದವರು ನಾವು.

ರಕ್ತದಲ್ಲಿ ಬರುವುದು ಎಂದರೆ ಏನು ಎಂಬುದರಲ್ಲೂ ಗೊಂದಲವಿದೆ. ಬಣ್ಣಗುರುಡು ಬಂದ ಹಾಗೆ ಒಂದು ಜೀನಿನಿಂದ ನೇರವಾಗಿ ಇಳಿಯುವ ಕಾಯಿಲೆ ಇದಲ್ಲ. 2006ರಲ್ಲಿ ಐಸ್‌ಲ್ಯಾಂಡಿನ ವಿಜ್ಞಾನಿಗಳು ಟಿಸಿಎಫ್7ಎಲ್2 ಎಂಬ ಜೀನಿನ ನಂಟನ್ನು ಕಂಡರು. ಆಮೇಲೆ ಅಂಥವು ನೂರಾರು ಸಿಕ್ಕವು. ಒಂದೊಂದೂ ಒಂದಿಷ್ಟು ದೂಡುತ್ತದೆ, ಅಷ್ಟೇ. ಮಗ್ಗದ ಭಾಷೆಯಲ್ಲಿ ಹೇಳುವುದಾದರೆ ನೂಲು ಅಪ್ಪ ಅಮ್ಮ ಕೊಟ್ಟದ್ದು, ಸೀರೆ ಇನ್ನೂ ನೇಯಬೇಕು. ಮತ್ತೊಂದು ಮಾತು: ಹೆಚ್ಚಾಗಿ ಚಿಕ್ಕ ಮಕ್ಕಳಿಗೆ ಬಂದು, ಮೊದಲ ದಿನದಿಂದಲೇ ಇನ್ಸುಲಿನ್ ಬೇಕಾಗುವ ಒಂದನೇ ವಿಧದ ಸಕ್ಕರೆ ಕಾಯಿಲೆ ಬೇರೆ. ಅಂಥ ಮಗುವಿನ ತಾಯಿಯ ಮುಂದೆ ಕೂತು “ನಿಮ್ಮ ಮನೆಯಲ್ಲಿ ಯಾರಿಗಿತ್ತು?” ಎಂದು ಕೇಳುವ ಹಿರಿಯರು ದಯವಿಟ್ಟು ಬಾಯಿ ಮುಚ್ಚಿಕೊಳ್ಳಿ.

ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಭಾರತೀಯರಿಗಾಗಿಯೇ ಸುಗರಿನ ಅಪಾಯ ಅಳೆಯುವ ಒಂದು ಅಂಕಪಟ್ಟಿ ಮಾಡಿದರು. ಸೂಜಿ ಬೇಡ, ರಕ್ತ ಬೇಡ, ಒಂದು ಟೇಪು ಸಾಕು. ತಿರುಪ್ಪೂರಿನಲ್ಲಿ ಟೇಪಿಗೆ ಬರವೇ? ಪ್ರತಿ ಟೈಲರ್ ಕೊರಳಲ್ಲೂ ಮಾಲೆಯಂತೆ ತೂಗುತ್ತದೆ. ಊರವರ ಸೊಂಟ ಅಳೆಯುವ ಕೈ ತನ್ನ ಸೊಂಟಕ್ಕೆ ಸುತ್ತಿಕೊಂಡದ್ದನ್ನು ಮಾತ್ರ ನಾನು ನೋಡಿಲ್ಲ. ಒಟ್ಟು 100 ಅಂಕ, ಹೆಚ್ಚಿದಷ್ಟೂ ಕೆಟ್ಟದ್ದು. ವಯಸ್ಸು 35 ತುಂಬಿದರೆ 20, 50 ಆದರೆ 30. ಹೆಂಗಸರ ಸೊಂಟ 80 ಸೆಂಟಿಮೀಟರ್ ಮುಟ್ಟಿದರೆ, ಗಂಡಸರದು 90 ಮುಟ್ಟಿದರೆ 10. ಇನ್ನೂ ಹತ್ತು ಸೆಂಟಿಮೀಟರ್ ಏರಿದರೆ 20. ಕೂತೇ ಕೆಲಸ, ವ್ಯಾಯಾಮವೂ ಇಲ್ಲ ಎಂದರೆ 30. ತಂದೆತಾಯಿಯರಲ್ಲಿ ಒಬ್ಬರಿಗೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ತಡಮಾಡದೆ ರಕ್ತ ಪರೀಕ್ಷೆ.

ಈ ಪಟ್ಟಿಯನ್ನು ನಾನು ಎಷ್ಟೋ ಮನೆಗಳ ಜಗುಲಿಯ ಮೇಲೆ ಕೂತು ಓದಿ ಹೇಳಿದ್ದೇನೆ, ಹೇಳುವಾಗಲೆಲ್ಲ ಒಂದು ಜಾಗದಲ್ಲಿ ನಿಲ್ಲಿಸುತ್ತೇನೆ. ನೋಡಿ, ಅಪ್ಪ ಅಮ್ಮ ಇಬ್ಬರೂ ಸೇರಿ ಕೊಡಬಲ್ಲದ್ದು ಹೆಚ್ಚೆಂದರೆ 20. ಕಾಲ ಕೊಡುವುದು 30. ಉಳಿದ 50 ಸೊಂಟದ್ದು ಮತ್ತು ಕಾಲಿನದು. ಅಣ್ಣನ ಮಗನ ಲೆಕ್ಕ ಹಾಕಿದರೆ, ಆ ವರ್ಷ ಅವನಿಗೆ ಇನ್ನೂ 35 ತುಂಬಿರಲಿಲ್ಲ, ವಯಸ್ಸಿಗೆ ಸೊನ್ನೆ. ಅಪ್ಪ ಅಮ್ಮ ಇಬ್ಬರಿಗೂ ಇತ್ತು (ಅತ್ತಿಗೆಗೂ ಇತ್ತು ಎಂದು ಆಮೇಲೆ ಹೊರಬಿತ್ತು), 20. ಸೊಂಟ 101, ಮತ್ತೆ 20. ಕುರ್ಚಿಗೆ 30. ಒಟ್ಟು 70. ಅವನಿಗೆ ಅಪ್ಪನ ವಿಷಯವೂ ಗೊತ್ತಿರಲಿಲ್ಲ, ಅಮ್ಮನದೂ ಗೊತ್ತಿರಲಿಲ್ಲ. ಯಾರಾದರೂ ಪಟ್ಟಿ ಕೊಟ್ಟಿದ್ದರೂ 50 ಎಂದು ಬರೆದು ಮಧ್ಯಮ ಅಪಾಯ ಎಂದು ನಿಶ್ಚಿಂತೆಯಾಗಿ ಇರುತ್ತಿದ್ದ. ಬಾಯಿ ಮುಚ್ಚಿಕೊಂಡಿದ್ದ ನಮ್ಮ ಪಾಲು ಆ 20.

ಅಪ್ಪ ಅಮ್ಮನ ಆ ಎರಡು ಕಡೆಯೂ ನಮ್ಮಲ್ಲಿ ಬೇರೆ ಬೇರೆಯಲ್ಲ. ಅತ್ತಿಗೆ ನನ್ನ ಸೋದರಮಾವನ ಮಗಳು. ಅಂದರೆ ನಮ್ಮ ತಾಯಿಯ ತವರೂ ಅತ್ತಿಗೆಯ ತವರೂ ಒಂದೇ ಮನೆ. ಸೋದರಿಕೆಯಲ್ಲಿ ಹೆಣ್ಣು ತಂದು ಕೊಟ್ಟ ನಮ್ಮಂಥವರಲ್ಲಿ ಎರಡು ಕಡೆಯ ವಂಶ ಎಂದು ಬೇರೆ ಬೇರೆ ಎಣಿಸಿದರೂ ಅಜ್ಜ ಒಬ್ಬನೇ ಆಗಿರುತ್ತಾನೆ. ಆ ಅಜ್ಜನ ಕಾಲಿನಲ್ಲಿ ಮಾಯದ ಗಾಯವಿದ್ದರೆ ಅದರ ಕಥೆ ಎರಡೂ ಮನೆಗೆ ಸೇರಿದ್ದು.

ಹಿರಿಯರನ್ನು ಕೇಳುವುದು ಹೇಗೆ ಎಂಬುದು ನಿಜವಾದ ಕಷ್ಟ. “ಅಜ್ಜಿ, ನಿನಗೆ ಸುಗರು ಇದೆಯಾ?” ಎಂದರೆ, “ನನಗೇನೂ ಇಲ್ಲ, ಕಲ್ಲುಗುಂಡಿನ ಹಾಗಿದ್ದೇನೆ” ಎಂದು ಹೇಳುತ್ತಾಳೆ. ತಮಿಳುನಾಡಿನಲ್ಲಿ 2021ರ ಆಗಸ್ಟಿನಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಯೋಜನೆ ಇದೆ. ಆರೋಗ್ಯ ಕಾರ್ಯಕರ್ತೆಯರು ಬಿಪಿ, ಸಕ್ಕರೆಯ ಮಾತ್ರೆಗಳನ್ನು ಮನೆಬಾಗಿಲಿಗೇ ತಂದು ಕೊಡುತ್ತಾರೆ. ಬಹಳ ಒಳ್ಳೆಯದು. ಯಾವ ಮನೆಯ ಮುಂದೆ ಆಕೆ ನಿಲ್ಲುತ್ತಾಳೆ ಎಂದು ಬೀದಿಗೆಲ್ಲ ಗೊತ್ತು, ಬೆಂಗಳೂರಿನಲ್ಲಿರುವ ಮಗನಿಗೆ ಮಾತ್ರ ಗೊತ್ತಿಲ್ಲ.

ನೇರವಾಗಿ ಕೇಳಬೇಡಿ. ಸತ್ತವರಿಂದ ಶುರುಮಾಡಿ. ಹಳೆಯ ಮದುವೆಯ ಫೋಟೋ ತೆಗೆದು, “ಈ ಮಾವ ಯಾವಾಗ ಹೋದರು? ಕೊನೆಗೆ ಏನಾಗಿತ್ತು?” ಎಂದು ಕೇಳಿ. ಸತ್ತವರ ವಿಷಯ ಹೇಳಲು ನಮ್ಮ ಮುದುಕರಿಗೆ ಸಂಕೋಚವಿಲ್ಲ. ಅವರು ಸುಗರು ಎಂದು ಹೇಳದೆ ಇರಬಹುದು. ನೀವು ಕಿವಿ ತೆರೆದಿರಿ. “ಕಾಲಿನ ಬೆರಳು ತೆಗೆದರು” ಎಂದರೆ ಅಲ್ಲಿ ಸುಗರು ಇದ್ದಿರಬಹುದು. “ಕೊನೆಗೆ ಕಣ್ಣು ಕಾಣುತ್ತಿರಲಿಲ್ಲ” ಎಂದರೆ, “ಕಿಡ್ನಿ ಕೈಕೊಟ್ಟಿತು” ಎಂದರೆ, “ಎದೆನೋವೇ ಬರಲಿಲ್ಲ, ಮಲಗಿದವನು ಏಳಲಿಲ್ಲ” ಎಂದರೆ ಅಲ್ಲೂ ವಿಚಾರಿಸಿ. ಎಲ್ಲವೂ ಅದೇ ಎಂದಲ್ಲ. ಆದರೆ ನಮ್ಮಲ್ಲಿ ಸಕ್ಕರೆ ಕಾಯಿಲೆ ಇಂಥ ಹೆಸರುಗಳ ಹಿಂದೆ ಅಡಗಿ ಕೂತಿದೆ. ಹೆಂಗಸರ ಕಡೆಯನ್ನು ಮರೆಯಬೇಡಿ. ಗಂಡಸು ಬಿದ್ದರೆ ಮಗ್ಗ ನಿಲ್ಲುತ್ತದೆ, ಊರಿಗೆ ಗೊತ್ತಾಗುತ್ತದೆ. ಹೆಂಗಸು ತೊಡೆಸಂದಿಯ ತುರಿಕೆಯನ್ನೂ ಪಾದದ ಉರಿಯನ್ನೂ ಹತ್ತು ವರ್ಷ ನುಂಗಿಕೊಂಡು ಅಡುಗೆ ಮಾಡುತ್ತಾಳೆ.

ಜಾತಕ ಇಟ್ಟಿರುವ ಪೆಟ್ಟಿಗೆಯಲ್ಲೇ ಒಂದು ನೋಟ್‌ಬುಕ್ ಇಡಿ. ಯಾರಿಗೆ, ಎಷ್ಟನೇ ವಯಸ್ಸಿಗೆ, ಕೊನೆಗೆ ಏನಾಯಿತು, ಇಷ್ಟೇ ಬರೆಯಿರಿ. ತಮಿಳಿನಲ್ಲಾದರೂ ಬರೆಯಿರಿ.

ಈಗ ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು, ಇದರಲ್ಲಿ ನನ್ನ ತಲೆಮಾರಿನ ಗಂಡಸರು ಬಹಳ ತಪ್ಪು ಮಾಡಿದ್ದೇವೆ. ಬಸಿರಿನಲ್ಲಿ ಸಕ್ಕರೆ ಏರಿ, ಹೆರಿಗೆಯಾದ ಮೇಲೆ ಇಳಿದರೆ “ಸರಿಹೋಯಿತು” ಎಂದು ಕೈ ತೊಳೆದುಕೊಳ್ಳುತ್ತೇವೆ. ಸರಿಹೋಗಿಲ್ಲ. ಮುಂದೆ ಆಕೆಗೆ ಎರಡನೇ ವಿಧದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಮತ್ತು ಹುಟ್ಟಿದ ಮಗುವಿನ ಮೇಲೂ ಅದರ ನೆರಳಿರುತ್ತದೆ. ನಮ್ಮ ಭಾಷೆಯ ಊರಾದ ಮೈಸೂರಿನಲ್ಲೇ ಇದರ ಬಗ್ಗೆ ದೊಡ್ಡ ಕೆಲಸ ನಡೆದಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಉದ್ದಗಳನ್ನು ಬರೆದಿಟ್ಟ ಹಳೆಯ ಪುಸ್ತಕಗಳು ಉಳಿದಿದ್ದವು. ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡು ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಯಾರೋ ನರ್ಸುಗಳು ಬರೆದಿಟ್ಟ ಲೆಕ್ಕ 60 ವರ್ಷದ ನಂತರ ಕೆಲಸಕ್ಕೆ ಬಂತು ಎಂಬುದು ನನಗೆ ಬಹಳ ಹಿಡಿಸಿದ ವಿಷಯ.

ಬಸಿರಿಯರ ಪರೀಕ್ಷೆಯನ್ನು ಸುಲಭ ಮಾಡಿಕೊಟ್ಟವರು ಚೆನ್ನೈನ ಡಾ. ವಿ. ಶೇಷಯ್ಯ. ಬರಿಹೊಟ್ಟೆಯಲ್ಲಿ ಬಸ್ ಹತ್ತಿ ಬರಬೇಕಾಗಿಲ್ಲ. ಬಂದಾಗ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸಿಗೆ ನೋಡಿದರೆ 140ಕ್ಕಿಂತ ಕೆಳಗಿರಬೇಕು. ಆ ಪರೀಕ್ಷೆಯಲ್ಲಿ ಏರಿದ್ದವರು ಹೆರಿಗೆಯಾಗಿ ಒಂದೂವರೆ ಎರಡು ತಿಂಗಳಿಗೆ ಮತ್ತೆ ನೋಡಿಸಬೇಕು, ಆಮೇಲೆ ವರ್ಷ ವರ್ಷವೂ. ನೋಡಿಸಬೇಕಾದರೆ ಅತ್ತೆಮನೆಗೆ ಗೊತ್ತಿರಬೇಕು. “ಅಲ್ಲಿ ಹೇಳಬೇಡ” ಎಂದು ಮಗಳ ಕೈಯಲ್ಲಿ ಆಣೆ ಹಾಕಿಸಿ ಕಳಿಸುವ ತಾಯಂದಿರು ನಮ್ಮಲ್ಲಿದ್ದಾರೆ. ಮಗುವಿಗೆ ದೃಷ್ಟಿ ತಾಗೀತೆಂದು ಕಪ್ಪು ಬೊಟ್ಟು ಇಡುವ ಅದೇ ಕೈ!

ಮದುವೆಯ ಮಾತಿಗೆ ಬಂದೆ, ಮುಚ್ಚಿಡುವುದೆಲ್ಲ ಶುರುವಾಗುವುದು ಅಲ್ಲಿಂದಲೇ. ನನ್ನ ಅಭಿಪ್ರಾಯ ಒರಟಾಗಿದೆ. 2023ರಲ್ಲಿ ಹೊರಬಂದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದಿತು. ದೇಶದಲ್ಲಿ ದೊಡ್ಡವರ ಸರಾಸರಿ ನೂರಕ್ಕೆ 11.4, ತಮಿಳುನಾಡು ಅದನ್ನೂ ಮೀರಿದೆ. ಈ ಸೀಮೆಯಲ್ಲಿ ಸುಗರು ಇಲ್ಲದ ಮನೆಗೇ ಹೆಣ್ಣು ಕೊಡುತ್ತೇನೆ ಎಂದು ಕೂತವನ ಮಗಳು ಮನೆಯಲ್ಲೇ ಕೂರುತ್ತಾಳೆ. ನಿಶ್ಚಯಕ್ಕೆ ಮುಂಚೆ ಎರಡೂ ಕಡೆಯವರು ಹೇಳಿಕೊಳ್ಳಿ. ಯಾರನ್ನೂ ಬೇಡವೆನ್ನಲು ಹೇಳಬೇಕಾದ ಮಾತಲ್ಲ ಅದು. ನಾಳೆ ಹುಟ್ಟುವ ಮಗುವಿನ ಕಾಗದದಲ್ಲಿ 10 ಬರೆಯಬೇಕೋ 20 ಬರೆಯಬೇಕೋ ಎಂದು ಗೊತ್ತಿರಲಿ ಎಂದು. ನಮ್ಮ ಅಣ್ಣನ ಮಗಳ ಅತ್ತೆಮನೆಯವರಿಗೆ ಕಡೆಗೆ ವಿಷಯ ತಿಳಿದಾಗ ಅವರು ಏನಂದರು ಗೊತ್ತೇ? “ಅಯ್ಯೋ, ನಾವೂ ಅದನ್ನೇ ಮುಚ್ಚಿಟ್ಟಿದ್ದೆವು.”

ಮಕ್ಕಳಿಗೆ ಹೇಳುವಾಗ ಒಂದು ಎಚ್ಚರ. ಎಲೆಯ ಮುಂದೆ ಹೇಳಬೇಡಿ. ಒಬ್ಬಟ್ಟಿಗೆ ಕೈ ಚಾಚಿದ ಹುಡುಗನಿಗೆ “ತಿನ್ನು ತಿನ್ನು, ನಿಮ್ಮಪ್ಪನ ಹಾಗೆ ಕಾಲು ಕತ್ತರಿಸಿಕೊಳ್ಳುವೆಯಂತೆ” ಎನ್ನುವ ದೊಡ್ಡಮ್ಮಂದಿರಿಂದ ಯಾವ ಮಗುವೂ ಒಬ್ಬಟ್ಟು ಬಿಟ್ಟದ್ದು ನಾನು ಕಾಣೆ; ದೊಡ್ಡಮ್ಮನ ಮನೆಗೆ ಹೋಗುವುದನ್ನು ಬಿಟ್ಟಾರು. ಹದಿನಾರು ಹದಿನೇಳರ ಮಗುವಿಗೆ ಜೊತೆಯಲ್ಲಿ ನಡೆಯುತ್ತ ಹೇಳಿ: ಅಜ್ಜನಿಗೆ ಇಷ್ಟರಲ್ಲಿ ಬಂತು, ನನಗೆ ಇಷ್ಟರಲ್ಲಿ, ನಿನಗೆ ಬರಲೇಬೇಕೆಂದಿಲ್ಲ, ಬಾರದ ಹಾಗೆ ನೋಡೋಣ. ‘ನೋಡೋಣ’ ಎಂದೇ ಹೇಳಿ. ನೀವು ಸೋಫಾದಲ್ಲಿ ಕೂತು ‘ನೀನು ನಡೆ’ ಎಂದರೆ ಅದು ಕಿವಿಗೂ ಹೋಗುವುದಿಲ್ಲ. ಮನೆಯಲ್ಲಿ ಒಬ್ಬನಿಗೆ ಬೇರೆ ಅಡುಗೆ ಮಾಡುವುದೂ ತಪ್ಪು. ಅಪ್ಪನ ತಟ್ಟೆಗೆ ಮುಷ್ಟಿ ಅನ್ನ, ಮಗನ ತಟ್ಟೆಗೆ ಗುಡ್ಡ ಅನ್ನ. ಇಪ್ಪತ್ತು ವರ್ಷದ ನಂತರ ಆ ಮುಷ್ಟಿ ಮಗನ ತಟ್ಟೆಗೆ ಬರುತ್ತದೆ. ಎಲ್ಲರಿಗೂ ಅನ್ನ ಸ್ವಲ್ಪ ಕಡಿಮೆ, ಹುರಳಿ, ಬೇಳೆ, ಸೊಪ್ಪು ಸ್ವಲ್ಪ ಹೆಚ್ಚು. ಇಲ್ಲಿ ಸಕ್ಕರೆ ಬಿಟ್ಟವರು ‘ನಾಟ್ಟು ಸಕ್ಕರೆ’ ಎಂದು ಪುಡಿಬೆಲ್ಲ ಹಾಕಿಕೊಂಡು, ಕರುಪ್ಪಟ್ಟಿ (ತಾಳೆಬೆಲ್ಲ) ಕಾಫಿ ಕುಡಿದು, ಪಥ್ಯ ಮಾಡುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಬಣ್ಣ ಕಂದಾದರೆ ರಕ್ತಕ್ಕೆ ತಿಳಿಯುವುದಿಲ್ಲವೇ? ರಾಗಿ ಕಳಿಯನ್ನು ತೆಂಗಿನಕಾಯಿ ಗಾತ್ರ ತಿಂದರೂ ಅಷ್ಟೇ.

ನಡೆದರೆ, ಊಟ ತಿದ್ದಿಕೊಂಡರೆ ನಿಜಕ್ಕೂ ತಪ್ಪುತ್ತದೆಯೇ ಎಂದು ಅಣ್ಣನ ಮಗನೇ ಕೇಳಿದ, ತನಗಲ್ಲ, ತನ್ನ ತಂಗಿಗೆ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಚೆನ್ನೈನಲ್ಲಿ ಇದನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನು ತೆಗೆದುಕೊಂಡು ಮೂರು ವರ್ಷ ನೋಡಿದರು. ಸಾಮಾನ್ಯ ಸಲಹೆ ಕೇಳಿ ಸುಮ್ಮನಿದ್ದವರಲ್ಲಿ ನೂರಕ್ಕೆ 55 ಜನಕ್ಕೆ ಕಾಯಿಲೆ ಬಂತು. ಊಟ ನಡಿಗೆ ಬದಲಿಸಿಕೊಂಡವರಲ್ಲಿ 39 ಜನಕ್ಕೆ. ಪೂರ್ತಿ ತಪ್ಪುತ್ತದೆ ಎಂದು ನಾನು ಹೇಳಿದರೆ ಸುಳ್ಳು. ಆದರೆ ಆ ನಡುವಿನ 16 ಜನ ಯಾರು? ಅವರೂ ಯಾರದೋ ಅಣ್ಣನ ಮಕ್ಕಳು.

ಮನೆಯಲ್ಲಿ ಹಿರಿಯರಿಗೆ ಇದ್ದರೆ 30 ತುಂಬುವವರೆಗೆ ಕಾಯುವುದೂ ಬೇಡ, ಮೈ ತುಂಬಿಕೊಂಡವರಾದರೆ ಇನ್ನೂ ಮುಂಚೆಯೇ ವರ್ಷಕ್ಕೊಮ್ಮೆ ನೋಡಿಸಿ. ಬರಿಹೊಟ್ಟೆಯಲ್ಲಿ 100ರ ಒಳಗಿದ್ದರೆ ಚೆನ್ನ, 126 ಆದರೆ ಮತ್ತೊಮ್ಮೆ ನೋಡಿ ಖಚಿತ ಮಾಡುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7 ಮುಟ್ಟಿದರೆ ಎಚ್ಚರಿಕೆ, 6.5 ಆದರೆ ಕಾಯಿಲೆ. ಬಂದವರು ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿಕೊಂಡು ಒಳಪರದೆ ನೋಡಿಸಿ. ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಅರವಿಂದ ಕಣ್ಣಾಸ್ಪತ್ರೆಯನ್ನೇ ಇಟ್ಟುಕೊಂಡು ಕಣ್ಣು ಕಳೆದುಕೊಳ್ಳುವುದು ನಾಚಿಕೆಗೇಡು. ಮಾತ್ರೆ, ಇನ್ಸುಲಿನ್ ವಿಷಯ ನಿಮ್ಮ ವೈದ್ಯರದು, ನನ್ನದಲ್ಲ.

ಅಣ್ಣನ ಮಗ ಈಗ ಅಲಗು ಹೊಡೆದುಕೊಳ್ಳುವುದಿಲ್ಲ. ವೈದ್ಯರು ಬೇಡವೆಂದರು; ಮೊದಲ ವರ್ಷ ಮುಖ ಸಣ್ಣದು ಮಾಡಿಕೊಂಡು ಬೀದಿಯ ಅಂಚಿನಲ್ಲಿ ನಿಂತಿದ್ದ. ಎರಡನೇ ವರ್ಷದಿಂದ ಭಂಡಾರದ ತಟ್ಟೆ ಹಿಡಿದು ಸಾಲಿನ ಜೊತೆ ನಡೆಯುತ್ತಾನೆ. ಹುಡುಗರ ತೋಳಿಗೆ ಅರಿಸಿನ ಮೆತ್ತುತ್ತ ಒಬ್ಬೊಬ್ಬರ ಕಿವಿಯಲ್ಲೂ ಏನೋ ಕೇಳುವುದನ್ನು ದೂರದಿಂದ ನೋಡಿದೆ. ಏನು ಕೇಳುತ್ತಿದ್ದೆ ಎಂದಾಗ, “ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಬಂತು ಅಂತ” ಎಂದ. ಅರ್ಧ ಜನಕ್ಕೆ ಗೊತ್ತಿರಲಿಲ್ಲವಂತೆ.

ಇಷ್ಟು ಬರೆದು ಮುಗಿಸುವಾಗ ನನ್ನದೇ ಒಂದು ಬಾಕಿ ನೆನಪಾಗುತ್ತಿದೆ. ಸಿರುಮುಗೈಯಲ್ಲಿ ನನ್ನ ಅಕ್ಕ ಇದ್ದಾಳೆ, 78 ವರ್ಷ. ಕಳೆದ ಸಲ ಹೋದಾಗ ಹಣೆಗಿಡಲು ಕುಂಕುಮದ ಭರಣಿ ತೆಗೆದರೆ ಒಳಗೆ ಮೆಟ್‌ಫಾರ್ಮಿನ್ ಮಾತ್ರೆಯ ಪಟ್ಟಿ. ಅವಳು ಭರಣಿ ಕಸಿದುಕೊಂಡಳು, ನಾನು ನೋಡದವನಂತೆ ಕಾಫಿ ಕುಡಿದೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳ ಮಗಳಿಗೆ ಈ ತೈ ತಿಂಗಳಲ್ಲಿ ಮದುವೆ. ಇವತ್ತು ಫೋನ್ ಮಾಡುತ್ತೇನೆ. ಎಂಟೂವರೆಯ ಸೀರಿಯಲ್ ಮುಗಿಯಲಿ, ಅದಕ್ಕೆ ಮುಂಚೆ ಮಾಡಿದರೆ ಅವಳು ಎತ್ತುವುದಿಲ್ಲ.